ಮರಾಠಿಗಾಗಿ ಮನೆಯ ಕನ್ನಡ ಬಿಡಬೇಕೇ?

ಪುಣೆಯಲ್ಲಿ ಎರಡನೇ ಕ್ಲಾಸಿನ ಮಗಳು ‘ಬೇಳೆ’ಯನ್ನು ‘ಬೆಳೆ’ ಅಂತ ಬರೀತಾಳೆ, ಮನೇಲಿ ಕನ್ನಡ ನಿಲ್ಲಿಸಿ ಅಂತ ಮರಾಠಿ ಟೀಚರ್ ಹೇಳಿದ್ದಾರೆ, ಏನು ಮಾಡಲಿ ಅಂದಿದ್ದೀರಿ. ನಿಲ್ಲಿಸಬೇಡಿ ಮೇಡಂ. ತೊಡಕು ಲಿಪಿಯದ್ದು, ಮಾತಿನದ್ದಲ್ಲ. ಮರಾಠಿ ಬರವಣಿಗೆಯಲ್ಲಿ ಎ–ಏ ಎರಡಕ್ಕೂ ಒಂದೇ ಅಕ್ಷರ, ಒ–ಓಗೂ ಹಾಗೇ. ಅದಕ್ಕೇ ದೀರ್ಘ ಕೊಡೋದು ಮರೆಯುತ್ತೆ. ಬೆಳೆ–ಬೇಳೆ, ಕೊಡು–ಕೋಡು ಇಂಥ ನಾಲ್ಕೇ ಜೋಡಿ ದಿನಕ್ಕೆ ಸಾಕು: ಮೊದಲು ನೀವು ಓದಿ, ಯಾವುದು ಉದ್ದ ಅಂತ ಅವಳೇ ಹೇಳಲಿ, ಆಮೇಲೆ ಬರೆಸಿ. ಮರಾಠಿ ಹೋಂವರ್ಕ್ ಮುಗಿದ ಕೂಡಲೇ ಕೂರಿಸಬೇಡಿ, ಅಕ್ಷರ ಕಲಸಿಹೋಗುತ್ತೆ. ಮಹಾರಾಷ್ಟ್ರದ 2020ರ ಕಾಯ್ದೆಯಿಂದ ಶಾಲೆಗಳಲ್ಲಿ ಮರಾಠಿ ಹೇಗೂ ಕಡ್ಡಾಯ, ಅದನ್ನು ಶಾಲೆ ನೋಡಿಕೊಳ್ಳಲಿ. ಅವಳು ಮರಾಠಿಯಲ್ಲಿ ಉತ್ತರಿಸಿದರೆ ಗದರದೆ, ಅದನ್ನೇ ಕನ್ನಡದಲ್ಲಿ ಹೇಳಿ ಮಾತು ಮುಂದುವರಿಸಿ. ನೆಂಟರೆದುರು “ಎಲ್ಲಿ, ಕನ್ನಡ ಮಾತಾಡು ನೋಡೋಣ” ಅನ್ನೋದಂತೂ ಬೇಡವೇ ಬೇಡ.