ಮಳೆಯ ಅಂಕಿ, ಹಡಗಿನ ಅಂಕಿ

ಗೋವಾದ ವಾಸ್ಕೋದ ಬೈನಾದಿಂದ ಬರೆದ ಓದುಗರಿಗೆ ನಮಸ್ಕಾರ. ಅಣುಶಕ್ತಿಯ ಹಡಗು ಬಂದರಿನಲ್ಲಿ ನಿಂತಾಗ ವಿಕಿರಣ ಸೋರಿದರೆ ದೂರದಲ್ಲಿ ಕೂತವರಿಗೆ ಅದು ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಮಳೆಯ ದಿನ ಮನೆಯ ವಿಕಿರಣ ಅಳೆಯುವ ಮೀಟರಿನಲ್ಲಿ ಅಂಕಿ ಏರಿ ಗಾಬರಿಯಾಯಿತು ಎಂದೂ ಬರೆದಿದ್ದೀರಿ.

ಮಳೆಗೆ ಅಂಕಿ ಏರುವುದು ಸಹಜ. ನೆಲದಿಂದ ಸದಾ ರೇಡಾನ್ ಅನಿಲ ಹೊರಬರುತ್ತದೆ. ಅದರಿಂದ ಹುಟ್ಟುವ, ವಿಕಿರಣ ಸೂಸುವ ಸೀಸ, ಬಿಸ್ಮತ್ ಕಣಗಳನ್ನು ಮಳೆ ಗಾಳಿಯಿಂದ ತೊಳೆದು ಕೆಳಗಿಳಿಸುತ್ತದೆ. ಅವುಗಳ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕರಗಿಹೋಗಲು ಬೇಕಾದ ಸಮಯ, 20ರಿಂದ 27 ನಿಮಿಷ ಅಷ್ಟೇ. ಮಳೆ ನಿಂತ ಎರಡು ಮೂರು ಗಂಟೆಯಲ್ಲಿ ಅಂಕಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಮಾತ್ರ ಯೋಚಿಸಬೇಕು.

ಬಂದರಿನಲ್ಲೂ ಇದೇ ಮಳೆ ಸುರಿಯುತ್ತದಲ್ವಾ? ಹಾಗಾಗಿ ಅಲ್ಲಿಗೆ ಬರೀ ಎಣಿಸುವ ಗೈಗರ್ ಮೀಟರ್ ಸಾಲದು. ಸೋಡಿಯಂ ಅಯೋಡೈಡ್ ಹರಳಿನ ಉಪಕರಣ ಗಾಮಾ ಕಿರಣದ ಶಕ್ತಿಯನ್ನೂ ಅಳೆಯುತ್ತದೆ. 1764 ಕೆಇವಿ (ಕಿರಣದ ಶಕ್ತಿಯ ಅಳತೆ) ಕಂಡರೆ ಅದು ಮಳೆ ತಂದ ಬಿಸ್ಮತ್. 662 ಕಂಡರೆ ಸೀಸಿಯಂ-137, ಅದು ರಿಯಾಕ್ಟರಿನಲ್ಲಿ ಹುಟ್ಟುವಂಥದ್ದು.

ಜಪಾನ್ ಇದನ್ನು ಕಷ್ಟಪಟ್ಟು ಕಲಿಯಿತು. 1968ರ ಮೇ ತಿಂಗಳಲ್ಲಿ ಸಾಸೆಬೋ ಬಂದರಿನಲ್ಲಿ ಅಮೆರಿಕದ ಸ್ವೋರ್ಡ್‌ಫಿಶ್ ಸಬ್‌ಮರೀನ್ ನಿಂತಿತ್ತು. ಅಳತೆಯ ದೋಣಿಯಲ್ಲಿ ಅಂಕಿ ಎಂದಿಗಿಂತ 10ರಿಂದ 20 ಪಟ್ಟು ಏರಿತು. ಅದು ಹಡಗಿನದೋ ಅಲ್ಲವೋ ಎಂದು ದೊಡ್ಡ ವಿವಾದವೇ ಆಯಿತು. ಈಗ ಸಾಸೆಬೋ, ಯೊಕೊಸುಕಾಗಳಲ್ಲಿ ದಡದಲ್ಲೂ ನೀರಿನಲ್ಲೂ ಇಟ್ಟ ಉಪಕರಣಗಳು ಹಗಲು ರಾತ್ರಿ ಅಂಕಿ ಕಳಿಸುತ್ತವೆ. ದೋಣಿಗಳು ಸಮುದ್ರದ ನೀರು, ತಳದ ಕೆಸರು ತರುತ್ತವೆ. ಇದು ಸುಮ್ನೆ ಮಾಡುವ ಕೆಲಸವಲ್ಲ. ಸುಮಾರು 10 ಸೆಂಟಿಮೀಟರ್ ನೀರು ದಾಟುವಷ್ಟರಲ್ಲಿ ಗಾಮಾ ಕಿರಣ ಅರ್ಧಕ್ಕೆ ಇಳಿಯುತ್ತದೆ. ನೀರೊಳಗಿನ ಸೋರಿಕೆ ದಡದಲ್ಲಿಟ್ಟ ಉಪಕರಣಕ್ಕೆ ಕಾಣುವುದೇ ಇಲ್ಲ.

ನಮ್ಮ ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಇಂಥ ಜಾಲವಿದೆ. ದೇಶದ ಹಲವು ಊರುಗಳಲ್ಲಿ ಇಟ್ಟ ಉಪಕರಣಗಳು ಬಿಸಿಲಿನಿಂದ ವಿದ್ಯುತ್ ಪಡೆದು, ಮೊಬೈಲ್ ಜಾಲದ ಮೂಲಕ ಆ ಕೇಂದ್ರಕ್ಕೆ ಅಂಕಿ ಕಳಿಸುತ್ತವೆ. ಅಂದರೆ ದೂರದಿಂದ ಅಳೆಯುವ ವಿದ್ಯೆ ನಮ್ಮ ಕೈಯಲ್ಲೇ ಇದೆ.

ಆದರೆ ಎಲ್ಲ ಊರಿಗೂ ಒಂದೇ ಅಂಕಿ ಹೊಂದುವುದಿಲ್ಲ. ಕೇರಳದ ಥೋರಿಯಂ ಇರುವ ಮೊನಜೈಟ್ ಮರಳಿನ ತೀರದಲ್ಲಿ ಸಹಜ ವಿಕಿರಣವೇ ಜಾಸ್ತಿ, ಮುಂಬೈಯ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಕಡಿಮೆ. ಆದ್ದರಿಂದ ಹಡಗು ಬಂದ ಮೇಲೆ ಅಳೆಯಲು ಹೊರಟರೆ ಯಾವುದರ ಜೊತೆ ಹೋಲಿಸುವುದು? ಹಡಗು ಬರುವ ಮೊದಲು ಆ ಬಂದರಿನಲ್ಲಿ ಒಂದು ಪೂರ್ತಿ ಮಳೆಗಾಲ ಅಳೆದಿರಬೇಕು. ಜಪಾನಿನಲ್ಲಿ ಈ ಅಂಕಿಗಳನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ಮೀನು ಹಿಡಿದು ಬದುಕುವವರ ಬಂದರಿನಲ್ಲೂ ಹಾಗೇ ಆಗಬೇಕು. ಅಂಕಿಗಳನ್ನು ಜೆಟ್ಟಿಯ ಬಳಿ ಬೋರ್ಡಿನಲ್ಲಿ ಕೊಂಕಣಿ, ಮರಾಠಿ, ಕನ್ನಡದಲ್ಲಿ ಹಾಕಬೇಕು. ಇದನ್ನು ನೀವು ಕೇಳಿ, ನಾವೂ ಪತ್ರಿಕೆಯಲ್ಲಿ ಕೇಳುತ್ತೇವೆ.