ಯುದ್ಧ ಮುಗಿದ ನಾಡಿನ ಸಿಪಾಯಿ ಕತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂದೊಂದು ಕಾಲದ ಯುದ್ಧವನ್ನು ಕೊಡಗಿನಲ್ಲೇ ನಡೆಸುವ ರೋಚಕ ಕತೆಗಳನ್ನು ಬರೆಯುತ್ತಿರುವವರ ಪ್ರಶ್ನೆಗಳು ಈ ಸಲ ಬಂದಿವೆ. ಇಂಥ ಕತೆಗೆ ಲೆಕ್ಕಾಚಾರ ಯಾಕೆ ಎಂದೂ ಕೆಲವರು ಕೇಳಿದ್ದಾರೆ. ಸಿಪಾಯಿಯ ಕೈಯಲ್ಲಿ ಏನು ಖಾಲಿಯಾಗುತ್ತಾ ಬಂದಿದೆ ಎಂದು ಓದುಗನಿಗೆ ಗೊತ್ತಾದಾಗಲೇ ಕತೆ ಓಡತೊಡಗುತ್ತದೆ. ಲೆಕ್ಕ ಬೇಕಾಗುವುದು ಅದಕ್ಕೆ.

ಪ್ರಶ್ನೆ: ನನ್ನ ಕತೆ ಯುದ್ಧ ಮುಗಿದು 40 ವರ್ಷ ಕಳೆದ ಮೇಲಿನದು. ನಾಯಕ ಗೋಣಿಕೊಪ್ಪದ ಪಾಳುಬಿದ್ದ ಬಂಕಿನಲ್ಲಿ ಜೀಪಿಗೆ ಪೆಟ್ರೋಲ್ ತುಂಬಿಸಿಕೊಂಡು ಮಡಿಕೇರಿಗೆ ಹೊರಡುತ್ತಾನೆ. ಇದು ಆಗದ ಮಾತು ಎಂದು ಗೆಳೆಯರು ಹೇಳುತ್ತಾರೆ. ನಿಜವೇ? (ಕಾಲೇಜು ವಿದ್ಯಾರ್ಥಿ, ವಿರಾಜಪೇಟೆ)

ಉತ್ತರ: ನಿಜ. ಪೆಟ್ರೋಲ್ ಆರು ತಿಂಗಳಿಂದ ಒಂದು ವರ್ಷದೊಳಗೆ ಕೆಡತೊಡಗುತ್ತದೆ. ಹಗುರ ಅಂಶ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಎಥನಾಲ್ ಬೆರೆಸಿದ್ದಾದರೆ ತೇವ ಹೀರಿ, ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಡೀಸೆಲ್ ಇನ್ನಷ್ಟು ದಿನ ತಾಳುತ್ತದೆ, ಆದರೆ ಅದರ ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಸುತ್ತವೆ.

ಜೀಪು ಬೇಕೇ ಬೇಕೆಂದರೆ ಕಟ್ಟಿಗೆ ಅನಿಲದಲ್ಲಿ ಓಡಿಸಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಲಕ್ಷಾಂತರ ವಾಹನಗಳು ಹೀಗೆ ಓಡಿದವು. ಗಾಡಿಯ ಹಿಂದೆ ಮುಚ್ಚಿದ ಒಲೆ, ಅದರಲ್ಲಿ ಕಡಿಮೆ ಗಾಳಿಯಲ್ಲಿ ಉರಿಯುವ ಕಟ್ಟಿಗೆ ತುಂಡು, ಅನಿಲವನ್ನು ತಣಿಸಿ ಸೋಸುವ ಡಬ್ಬ, ಅಲ್ಲಿಂದ ಎಂಜಿನ್ನಿಗೆ ಪೈಪು. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು 3 ಕಿಲೋ ಒಣ ಕಟ್ಟಿಗೆ ಹಿಡಿಯುತ್ತದೆ. ಎಂಜಿನ್ನಿನ ಶಕ್ತಿ ಮೂರರಲ್ಲಿ ಒಂದು ಪಾಲಿನಷ್ಟು ಇಳಿಯುವುದರಿಂದ ಮಡಿಕೇರಿಯ ಏರಿನಲ್ಲಿ ಜೀಪು ಏದುಸಿರು ಬಿಡುತ್ತದೆ. ಒಲೆ ಹತ್ತಿ ಒಳ್ಳೆಯ ಅನಿಲ ಬರಲು ಕಾಲು ಗಂಟೆಯಾದರೂ ಬೇಕು, ಹಾಗಾಗಿ ನಿಮ್ಮ ನಾಯಕ ಜೀಪಿಗೆ ಹಾರಿ ಪರಾರಿಯಾಗುವಂತಿಲ್ಲ. ಮುಚ್ಚಿದ ಕೊಟ್ಟಿಗೆಯೊಳಗೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡಿಗೆ ಪ್ರಾಣವೇ ಹೋದೀತು.

ಕಟ್ಟಿಗೆಯ ತೇವ ಶೇ. 20 ದಾಟಿದರೆ ಟಾರು ಹೆಚ್ಚಾಗಿ ವಾಲ್ವ್ ಅಂಟಿಕೊಳ್ಳುತ್ತದೆ. ಜುಲೈ ತಿಂಗಳ ಕೊಡಗಿನಲ್ಲಿ ಒಣ ಕಟ್ಟಿಗೆ ಎಲ್ಲಿಂದ ಬರಬೇಕು? ಬೇಸಿಗೆಯಲ್ಲೇ ಕಾಫಿ ಬೊಡ್ಡೆ, ಸಿಲ್ವರ್ ಓಕ್ ಸೀಳು ಒಟ್ಟಿಟ್ಟುಕೊಂಡವರ ಕೊಟ್ಟಿಗೆ ಯಾರ ವಶದಲ್ಲಿದೆಯೋ, ರಸ್ತೆ ಅವರದು. ಬಂಕಿನ ದೃಶ್ಯ ಬಿಟ್ಟು ಆ ಕೊಟ್ಟಿಗೆಗೆ ಜಗಳ ಹಚ್ಚಿ.

ಪ್ರಶ್ನೆ: ಹತ್ತು ಸಿಪಾಯಿಗಳು ಯಂತ್ರಕವಚ ತೊಟ್ಟು ಬ್ರಹ್ಮಗಿರಿ ಹತ್ತಿ ಕಾದಾಡುತ್ತಾರೆ. ಕವಚಕ್ಕೆ ಕರೆಂಟು ಎಲ್ಲಿಂದ ಕೊಡಲಿ? (ಓದುಗರು, ಮಡಿಕೇರಿ)

ಉತ್ತರ: ಮೊದಲು ಖರ್ಚು ಹಿಡಿಯಿರಿ. ಒಂದು ಕವಚಕ್ಕೆ ಸರಾಸರಿ 2 ಕಿಲೋವ್ಯಾಟ್ ಎಂದುಕೊಂಡರೆ ಐದು ಗಂಟೆಗೆ 10 ಯೂನಿಟ್. ಇವತ್ತಿನ ಒಳ್ಳೆಯ ಲಿಥಿಯಂ ಸೆಲ್ ಕಿಲೋಗೆ ಸುಮಾರು ಕಾಲು ಯೂನಿಟ್ ಹಿಡಿಯುತ್ತದೆ. ಅಂದರೆ ಬೆನ್ನ ಮೇಲೆ ಸೆಲ್‌ಗಳೇ 40 ಕಿಲೋ. ಮುಂದಿನ ಕಾಲದ ಬ್ಯಾಟರಿ ಎಂದು ಅದನ್ನು ಅರ್ಧಕ್ಕೆ ಇಳಿಸಿಕೊಳ್ಳಿ, ತಪ್ಪಿಲ್ಲ. ಆದರೆ ಸೊನ್ನೆ ಮಾಡಬೇಡಿ.

ಇನ್ನು ಚಾರ್ಜಿಂಗ್. ಕೊಡಗಿನಲ್ಲಿ ತೋಡಿನ ನೀರಿಗೆ ಸಣ್ಣ ಟರ್ಬೈನು ಕೂರಿಸುವುದು ಸಹಜ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಇಳಿಜಾರು ಎಂಬ ಎರಡನ್ನೂ 9.81ರೊಂದಿಗೆ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಸಣ್ಣ ಘಟಕದಲ್ಲಿ ಅರ್ಧದಷ್ಟು ನಷ್ಟ ಹಿಡಿಯಿರಿ. ಸೆಕೆಂಡಿಗೆ 10 ಲೀಟರ್, 20 ಮೀಟರ್ ಇಳಿಜಾರು ಇದ್ದರೆ ಕೈಗೆ ಬರುವುದು ಹೆಚ್ಚುಕಡಿಮೆ 1 ಕಿಲೋವ್ಯಾಟ್. ಒಂದು ಕವಚ ತುಂಬಲು ಹತ್ತು ಗಂಟೆ, ಹತ್ತೂ ತುಂಬಲು ನಾಲ್ಕು ದಿನದ ಮೇಲೆ. ದಿನಕ್ಕೆ ಎರಡೇ ಕವಚ ಸಿದ್ಧ ಎಂದಾಯಿತು. ಇವತ್ತು ತೊಡುವ ಇಬ್ಬರು ಯಾರು, ಕವಚವಿಲ್ಲದೆ ಹೋಗುವ ಎಂಟು ಮಂದಿ ಯಾರು? ಈ ಒಂದು ಪ್ರಶ್ನೆ ನಿಮಗೆ ಮೂರು ಅಧ್ಯಾಯ ಕೊಡುತ್ತದೆ.

ಕೆಡುವ ಜಾಗಗಳೂ ಇವೆ. ನೀರು ಒಳಹೋಗುವ ಜಾಲರಿಗೆ ಎಲೆ ಕಟ್ಟಿಕೊಂಡರೆ ಪೈಪಿಗೆ ಗಾಳಿ ಹೊಕ್ಕು ಟರ್ಬೈನು ತೊದಲುತ್ತದೆ. ನಡುರಾತ್ರಿ ಮಳೆಯಲ್ಲಿ ಒಬ್ಬ ಸಿಪಾಯಿ ತೋಡಿಗಿಳಿದು, ಕಾಲಿಗೆ ಹತ್ತಿದ ಜಿಗಣೆಗಳನ್ನು ಲೆಕ್ಕಿಸದೆ, ಬೆರಳಲ್ಲಿ ಎಲೆ ಕೀಳಬೇಕು. ಮಾರ್ಚಿಗೆ ತೋಡು ಬತ್ತುತ್ತದೆ. ಮಳೆಗಾಲದಲ್ಲಿ ಕರೆಂಟು ಧಾರಾಳ, ಆದರೆ 2018ರ ಆಗಸ್ಟಿನಲ್ಲಿ ಕಂಡಂತೆ ಗುಡ್ಡಗಳೇ ಜಾರುತ್ತವೆ. ನೆಲದಲ್ಲಿ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ಸೊರಗಿದ ತೋಡು: ಈ ಗುರುತುಗಳನ್ನು ನಿಮ್ಮ ಪಾತ್ರಗಳಲ್ಲಿ ಒಬ್ಬರಾದರೂ ಓದಬಲ್ಲವರಾಗಿರಲಿ.

ಪ್ರಶ್ನೆ: ಶತ್ರುವಿನ ಹತ್ತಿರ ಡ್ರೋನ್, ನಮ್ಮವರ ಹತ್ತಿರ ತಾತನ ಕಾಲದ ಜೋಡು ನಳಿಗೆ ಕೋವಿ. ಹೇಗೆ ಗೆಲ್ಲಿಸಲಿ? (ಓದುಗರು, ಸೋಮವಾರಪೇಟೆ)

ಉತ್ತರ: ದೂರದಿಂದ ಗೆಲ್ಲಿಸಬೇಡಿ. ತೋಟಾ ಕೋವಿಯ ಚರೆ ಕೆಲಸ ಮಾಡುವುದು ಹೆಚ್ಚೆಂದರೆ 40 ಮೀಟರ್ ಒಳಗೆ. ಸಣ್ಣ ಡ್ರೋನ್ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಹಾರೀತು. ಅದರ ಶಾಖ ಕ್ಯಾಮೆರಾಗೆ ದಟ್ಟ ಮಂಜು, ಸುರಿವ ಮಳೆ, ಮೆಣಸುಬಳ್ಳಿ ಹಬ್ಬಿದ ನೆರಳು ಮರ ಮೂರೂ ಅಡ್ಡ. ಕಾಫಿ ತೋಟದೊಳಗೆ, ಮಂಜಿನಲ್ಲಿ, ಬ್ಯಾಟರಿ ಬದಲಿಸಲು ಡ್ರೋನ್ ಹಿಂತಿರುಗುವ ಹೊತ್ತಿನಲ್ಲಿ ಎದುರಾಗಲಿ.

ಯಾರೂ ನಿರೀಕ್ಷಿಸದ ಜಾಗಕ್ಕೆ ಯಾರೂ ನಿರೀಕ್ಷಿಸದ್ದನ್ನು ತರುವುದು ಇನ್ನೊಂದು ದಾರಿ. 1948ರ ನವೆಂಬರ್ 1ರಂದು, ನಮ್ಮ ಮಡಿಕೇರಿಯ ಸೇನಾನಿ ತಿಮ್ಮಯ್ಯನವರ ನೇತೃತ್ವದಲ್ಲಿ, ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ, ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳು ನುಗ್ಗಿದವು. ಅದಕ್ಕೂ ಮೊದಲು ಗುಟ್ಟಾಗಿ ನಡೆದ ಸಾಗಣೆ, ದಾರಿ ಕಡಿಯುವ ಕೆಲಸ ಗಮನಿಸಿ. ಕತೆಯಲ್ಲಿ ದಾಳಿಗೆ ಒಂದು ಪುಟ ಕೊಟ್ಟರೆ ಸಾಗಣೆಗೆ ನಾಲ್ಕು ಕೊಡಿ.

ಕೈಲ್‌ಪೊಳ್ದ್ ಸೇರಿಸಬಹುದೇ ಎಂದೂ ಕೇಳಿದ್ದೀರಿ. ಖಂಡಿತ, ಆದರೆ ಅಲಂಕಾರಕ್ಕಲ್ಲ. ನಾಟಿ ಮುಗಿದ ಮೇಲೆ ಆಯುಧ ಪೂಜಿಸುವ ಹಬ್ಬ ಅದು. ನಾಟಿ ಮುಗಿಯುವವರೆಗೆ ಎರಡೂ ಕಡೆಯವರು ಕೋವಿ ಮುಟ್ಟುವಂತಿಲ್ಲ ಎಂಬ ಕಟ್ಟಳೆಯನ್ನು ನಿಮ್ಮ ಕತೆಯೊಳಗೆ ಹುಟ್ಟಿಸಿ, ಆಮೇಲೆ ಒಬ್ಬನಿಂದ ಮುರಿಸಿ.

ಪ್ರಶ್ನೆ: ಲೇಸರ್ ಗುಂಡು ಕೆಂಪು ಗೆರೆಯಾಗಿ ಹೋಗುವುದು ಕಾಣುತ್ತದೆಯೇ? (ಪಿಯು ವಿದ್ಯಾರ್ಥಿನಿ, ಪೊನ್ನಂಪೇಟೆ)

ಉತ್ತರ: ಬಾಹ್ಯಾಕಾಶದಲ್ಲಿ ಪಕ್ಕದಿಂದ ಏನೂ ಕಾಣದು, ಸದ್ದೂ ಇಲ್ಲ. ಮಂಜಿನಲ್ಲಿ ಕಾಣುತ್ತದೆ, ಆದರೆ ಅದೇ ಮಂಜು ಅದರ ಶಕ್ತಿಯನ್ನೂ ಚದುರಿಸುತ್ತದೆ.

ಪ್ರಶ್ನೆ: ಬೆಂಗಳೂರಿನ ಮೇಲೆ ಅಣುಬಾಂಬ್ ಬಿದ್ದಿದೆ. ಕೊಡಗಿನವರು ಎಷ್ಟು ದಿನ ಒಳಗಿರಬೇಕು? ಆಮೇಲೆ ಕಾಡುಹಂದಿ ಬೇಟೆಯಾಡಿ ಬದುಕಬಹುದೇ? (ಕಾಫಿ ಬೆಳೆಗಾರರು, ಸಿದ್ದಾಪುರ)

ಉತ್ತರ: ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಮಳೆಗಾಲದಲ್ಲಿ ಕೆಳಗಿನ ಗಾಳಿ ಪಡುವಣದಿಂದ ಬೀಸುತ್ತದೆ, 12ರಿಂದ 15 ಕಿ.ಮೀ. ಎತ್ತರದ್ದು ಮೂಡಣದಿಂದ. ದೊಡ್ಡ ಬಾಂಬಿನ ಮೋಡ ಆ ಎತ್ತರಕ್ಕೆ ಹೋಗುವುದರಿಂದ ಬೂದಿ ಕೊಡಗಿನತ್ತ ತೇಲಿಬಂದು ಮಳೆಯೊಂದಿಗೆ ಇಳಿಯಬಹುದು.

ಹೊರಗಿನ ವಿಕಿರಣಕ್ಕೆ ಒಂದು ಸರಳ ಲೆಕ್ಕವಿದೆ: ಕಾಲ ಏಳು ಪಟ್ಟಾದರೆ ತೀವ್ರತೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸ್ಫೋಟವಾಗಿ ಒಂದು ಗಂಟೆಗೆ 100 ಇದ್ದರೆ 7 ಗಂಟೆಗೆ 10, ಎರಡು ದಿನಕ್ಕೆ 1, ಎರಡು ವಾರಕ್ಕೆ 0.1. ಒತ್ತಿದ ಮಣ್ಣು ಪ್ರತಿ 9 ಸೆಂ.ಮೀ.ಗೆ ವಿಕಿರಣವನ್ನು ಅರ್ಧ ಮಾಡುತ್ತದೆ, ಆದ್ದರಿಂದ ದಪ್ಪ ಮಣ್ಣಿನ ಗೋಡೆಯ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಒಳಕೋಣೆ ಒಳ್ಳೆಯ ಆಸರೆ. ಹೆಂಚಿನ ಮೇಲೆ ಕೂತ ಬೂದಿ ಮಾತ್ರ ತಲೆಯ ಮೇಲೇ ಇರುತ್ತದೆ, ಅದನ್ನು ಮರೆಯಬೇಡಿ. ಸೂರುನೀರು ಕುಡಿಸಬೇಡಿ. ಮುಚ್ಚಿದ ಬಾವಿ, ಬೋರ್‌ವೆಲ್ ನೀರು ಆದೀತು.

ಹಂದಿಯ ವಿಷಯ ಬೇರೆ. ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ. ಅದು ಕಾಡಿನ ತರಗೆಲೆ ಪದರದಲ್ಲೇ ಉಳಿದು ಅಣಬೆಗೆ ಸೇರುತ್ತದೆ. ನೆಲ ಕೆದರಿ ಶಿಲೀಂಧ್ರ ತಿನ್ನುವ ಕಾಡುಹಂದಿಯ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. 1986ರ ಚೆರ್ನೊಬಿಲ್ ದುರಂತದ ನಂತರ ದಶಕಗಳು ಕಳೆದರೂ ಜರ್ಮನಿಯ ಬವೇರಿಯಾದ ಕಾಡುಹಂದಿಗಳಲ್ಲಿ ಕಿಲೋಗೆ 600 ಬೆಕರೆಲ್ (ವಿಕಿರಣದ ಅಳತೆ) ಮಿತಿ ಮೀರಿದ ಮಾಂಸ ಸಿಗುತ್ತಿತ್ತು. ಕುದಿಸಿದರೆ ವಿಕಿರಣ ಸಾಯುವುದಿಲ್ಲ. ತುಂಡು ಮಾಡಿ ಉಪ್ಪುನೀರಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಒಂದಷ್ಟು ಹೋಗುತ್ತದೆ. ಗೂಡಿನಲ್ಲಿ ಸಾಕಿ ತೌಡು ಹಾಕಿದ ಹಂದಿಗೂ ಕಾಡಿನ ಹಂದಿಗೂ ಬೆಲೆಯಲ್ಲಿ ಅಂತರವಿರುವ ಸಂತೆಯೊಂದನ್ನು ಬರೆಯಿರಿ. ಒಂದೂ ವಿವರಣೆಯಿಲ್ಲದೆ ಓದುಗನಿಗೆ ನಿಮ್ಮ ಜಗತ್ತು ಅರ್ಥವಾಗುತ್ತದೆ.

ಪ್ರಶ್ನೆ: ಈ ಕತೆಗಳ ಸಿಪಾಯಿಗಳು ಸಿನಿಮಾದವರ ಹಾಗೆ ಮಾತಾಡುತ್ತಾರೆ, ಗುಂಡು ಮುಗಿಯುವುದೇ ಇಲ್ಲ. ಸರಿಪಡಿಸಿ. (ನಿವೃತ್ತ ಯೋಧರು, ನಾಪೋಕ್ಲು)

ಉತ್ತರ: ನಿಮ್ಮ ಆಕ್ಷೇಪ ನೂರಕ್ಕೆ ನೂರು ಸರಿ ಸರ್. ಬರೆಯುವವರು ಗಮನಿಸಲಿ: ಸೆಕ್ಷನ್ ಎಂದರೆ ಹತ್ತು ಜನ, ಮುಂದಾಳು ಹವಾಲ್ದಾರ್. ಮೂರು ಸೆಕ್ಷನ್ ಸೇರಿ ಪ್ಲಟೂನ್. ಕತೆಗೆ ಒಂದು ಸೆಕ್ಷನ್ ಸಾಕು, ಓದುಗ ಹತ್ತು ಹೆಸರಿಗಿಂತ ಹೆಚ್ಚು ನೆನಪಿಡಲಾರ. ಆಜ್ಞೆಯಲ್ಲಿ ದಿಕ್ಕು, ದೂರ, ಗುರಿ, ಆಮೇಲೆ ಫೈರ್, ಅಷ್ಟೇ. ಎಕೆ ಬಂದೂಕಿನ 30 ಗುಂಡಿನ ತುಂಬಿದ ಮ್ಯಾಗಜೀನ್ 800 ಗ್ರಾಮಿಗೂ ಮೇಲಿದೆ. ಬೆರಳು ಒತ್ತಿ ಹಿಡಿದರೆ ಮೂರು ಸೆಕೆಂಡಿಗೆ ಖಾಲಿ. ಆರು ಮ್ಯಾಗಜೀನ್ ಹೊತ್ತವನ ಬೆನ್ನಿಗೆ ಸುಮಾರು 5 ಕಿಲೋ, ಸಿಗುವುದು 18 ಸೆಕೆಂಡಿನ ಗುಂಡು.

ಪ್ರಶ್ನೆ: ಯುದ್ಧ ಹೇಗೆ ಶುರುವಾಯಿತೆಂದು ಮೊದಲ ಎರಡು ಪುಟದಲ್ಲಿ ಹೇಳಿದ್ದೇನೆ. ಓದಿದವರು ಅಲ್ಲೇ ನಿಲ್ಲಿಸುತ್ತಾರೆ. (ಶಿಕ್ಷಕಿ, ಕುಶಾಲನಗರ)

ಉತ್ತರ: ಆ ಎರಡು ಪುಟ ತೆಗೆದು ಬೇರೆ ಇಡಿ. ನೀವು ಕಳಿಸಿದ ಹಸ್ತಪ್ರತಿಯ ಮೂರನೇ ಪುಟದಲ್ಲಿ ಹಾರಂಗಿ ಅಣೆಕಟ್ಟಿನ ಮೇಲೆ ಕಾವಲಿರುವ ಹುಡುಗಿ ಒದ್ದೆ ಕಾಲುಚೀಲ ಹಿಂಡುತ್ತಾಳಲ್ಲ, ಕತೆ ಅಲ್ಲಿಂದ ಶುರುವಾಗಲಿ. ಎರಡು ಮೂರು ದಿನ ಬೂಟಿನೊಳಗೆ ಒದ್ದೆಯಾಗೇ ಇದ್ದ ಪಾದ ಬಿಳುಪೇರಿ, ಮರಗಟ್ಟಿ, ಊದಿಕೊಳ್ಳುತ್ತದೆ. ಅವಳ ಹತ್ತಿರ ಒಣ ಜೋಡಿ ಒಂದೇ ಇದೆ, ಪಾಳಿ ಮುಗಿಯಲು ಆರು ಗಂಟೆ ಇದೆ. ಯುದ್ಧದ ಚರಿತ್ರೆಯಲ್ಲಿ ಅವಳಿಗೆ ಆ ಹೊತ್ತು ಬೇಕಾದ ಸಂಗತಿ ಎಷ್ಟಿದೆಯೋ ಅಷ್ಟನ್ನು ಮಾತ್ರ, ಒಂದೊಂದೇ ವಾಕ್ಯವಾಗಿ, ಮುಂದಿನ ಪುಟಗಳಿಗೆ ಹಂಚಿ.