ಸಿಇಎ ಸಾಮಾನ್ಯವಾಗಿದ್ದರೆ ಕೊಲೊನೋಸ್ಕೋಪಿ ಬಿಡಬಹುದೇ?

ನಿಮ್ಮ ಅಣ್ಣನವರಿಗೆ 46ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಯಿತೆಂದೂ, 38 ವರ್ಷದ ನಿಮ್ಮ ರಕ್ತದಲ್ಲಿ ಸಿಇಎ (ಕೆಲವು ಕ್ಯಾನ್ಸರುಗಳಲ್ಲಿ ಏರುವ ಒಂದು ಪ್ರೋಟೀನು) 2.1, ಅಂದರೆ ಸಾಮಾನ್ಯ ಮಟ್ಟದಲ್ಲೇ, ಬಂದಿರುವುದರಿಂದ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಬಿಡಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಂಶೋಧಕರಾದ ಗೋಲ್ಡ್ ಮತ್ತು ಫ್ರೀಡ್‌ಮನ್ ಗುರುತಿಸಿದ ಈ ಪ್ರೋಟೀನು ಆರಂಭಿಕ ಹಂತದ ಗೆಡ್ಡೆಗಳಲ್ಲಿ ಬಹಳಷ್ಟು ಸಲ ಏರುವುದೇ ಇಲ್ಲ. ಆದರೆ ಕ್ಯಾನ್ಸರ್ ಇಲ್ಲದ ಧೂಮಪಾನಿಗಳಲ್ಲಿಯೂ ಯಕೃತ್ತಿನ ಕಾಯಿಲೆ ಇರುವವರಲ್ಲಿಯೂ ಏರಿರಬಹುದು. ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುತ್ತಿದೆಯೇ ಎಂದು ಗಮನಿಸಲು ಅದು ನಿಜಕ್ಕೂ ಉಪಯುಕ್ತ.

ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಫಿಟ್ ಪರೀಕ್ಷೆ ಇದಕ್ಕಿಂತ ಎಷ್ಟೋ ಮೇಲು. ಪರೀಕ್ಷೆಯ ಕಿಟ್‌ನಲ್ಲಿರುವ ಕಡ್ಡಿಯ ಗೀರುಗಳಿಗೆ ಮಲದ ಮೇಲ್ಮೈಯ ನಾಲ್ಕಾರು ಕಡೆಯಿಂದ ತುಸು ಅಂಟಿಸಿಕೊಂಡು ಕೊಳವೆಯ ದ್ರಾವಣಕ್ಕೆ ಇಳಿಸಿ ಕಳುಹಿಸಿದರೆ, ಪ್ರತಿಕಾಯಗಳು ಮನುಷ್ಯರ ಹಿಮೊಗ್ಲೋಬಿನ್ನನ್ನಷ್ಟೇ ಹಿಡಿಯುವುದರಿಂದ, ಹಿಂದಿನ ದಿನ ಮಾಂಸ ತಿಂದಿದ್ದರೂ ಅಡ್ಡಿಯಿಲ್ಲ. (ಶಾಖಕ್ಕೆ ಹಿಮೊಗ್ಲೋಬಿನ್ ಕೆಡುತ್ತದೆ, ಬೇಸಿಗೆಯಲ್ಲಿ ಮಾದರಿಯನ್ನು ತಡಮಾಡದೆ ಮುಟ್ಟಿಸಬೇಕು.) ಆದರೂ ರಕ್ತ ಸೋರದ ಪಾಲಿಪ್‌ಗಳು (ಕರುಳಿನ ಒಳಗೋಡೆಯ ಮೇಲಿನ ಸಣ್ಣ ಬೆಳವಣಿಗೆಗಳು) ಅದರ ಕಣ್ತಪ್ಪಿಸುತ್ತವೆ. ಅಮೆರಿಕದಲ್ಲಿ 2024ರಲ್ಲಿ ಅನುಮೋದನೆ ಪಡೆದ ಶೀಲ್ಡ್ ಎಂಬ ರಕ್ತದ ಡಿಎನ್‌ಎ ಪರೀಕ್ಷೆ ಕೂಡ ಅಧ್ಯಯನದಲ್ಲಿ ಶೇ. 83ರಷ್ಟು ಕ್ಯಾನ್ಸರುಗಳನ್ನು ಗುರುತಿಸಿದರೂ, ಮುಂದುವರಿದ ಅಡೆನೋಮಗಳಲ್ಲಿ (ಮುಂದೆ ಕ್ಯಾನ್ಸರ್ ಆಗಬಲ್ಲ ಪಾಲಿಪ್‌ಗಳಲ್ಲಿ) ಗುರುತಿಸಿದ್ದು ಶೇ. 13ರಷ್ಟನ್ನು ಮಾತ್ರ.

ಒಡಹುಟ್ಟಿದವರಿಗೆ 60ರೊಳಗೆ ಈ ರೋಗ ಬಂದಿದ್ದರೆ, 40ನೇ ವಯಸ್ಸು ಅಥವಾ ಅವರ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಇವೆರಡರಲ್ಲಿ ಯಾವುದು ಬೇಗವೋ ಆಗಲೇ ಕೊಲೊನೋಸ್ಕೋಪಿ ಆರಂಭಿಸಬೇಕೆಂಬುದು ಬಳಕೆಯಲ್ಲಿರುವ ಸಲಹೆ. ನಿಮ್ಮ ಲೆಕ್ಕದಲ್ಲಿ ಅದು 36ಕ್ಕೇ ಆಗಬೇಕಿತ್ತು, ಆದ್ದರಿಂದ ಈ ತಿಂಗಳೇ ಜೀರ್ಣಾಂಗ ತಜ್ಞರನ್ನು ಕಾಣಿರಿ. ಅಣ್ಣನವರ ಗೆಡ್ಡೆಯಲ್ಲಿ ಲಿಂಚ್ ಸಿಂಡ್ರೋಮ್‌ನ (ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಆನುವಂಶಿಕ ತೊಂದರೆ) ಸುಳಿವಿಗಾಗಿ ಪರೀಕ್ಷೆ ನಡೆದಿದೆಯೇ ಎಂದು ತಿಳಿಯಲು ಅವರ ಬಯಾಪ್ಸಿ ವರದಿಯನ್ನೂ ಜೊತೆಗೆ ಒಯ್ಯಿರಿ.